ಬಾಳೆನಾರಿನ ಮೂರನೇ ಕಟ್ಟು

ಮೊನ್ನೆ ಮಸಾಲೆ ಡಬ್ಬಿಗಳನ್ನೆಲ್ಲ ತೊಳೆಯೋಣ ಅಂತ ಕೆಳಗಿಳಿಸಿದೆ. ಒಂದು ಹಳೇ ಡಬ್ಬಿಯ ಮುಚ್ಚಳ ತೆಗೆದರೆ ಪಲಾವ್ ಎಲೆಯ ಸಣ್ಣ ವಾಸನೆ. ಒಳಗೆ ಹೆಬ್ಬೆರಳಷ್ಟು ದೊಡ್ಡ ಕಟ್ಟು: ಎರಡು ಎಲೆ, ಒಣಗಿಸಿದ ಕೊತ್ತಂಬರಿ ದಂಟು, ಸುತ್ತ ಬಾಳೆನಾರು. ಆ ಗಂಟು ನೋಡಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅದು ಎದುರು ಮನೆ ಅಕ್ಕ ಕಟ್ಟಿಕೊಟ್ಟಿದ್ದು.

ಹಂಪಿ ಹತ್ತಿರದ ಚಿತ್ತವಾಡ್ಗಿಯಲ್ಲಿ ನಮ್ಮ ಬಾಗಿಲಿಗೂ ಅಕ್ಕನ ಬಾಗಿಲಿಗೂ ನಡುವೆ ಒಂದು ಆಟೋ ಹೋಗುವಷ್ಟೇ ಜಾಗ. ಅವಳ ಗಂಡ ಸಂಡೂರಿನ ಗಣಿಯಲ್ಲಿ ಲಾರಿ ಓಡಿಸುತ್ತಿದ್ದರು, ವಾರಕ್ಕೊಮ್ಮೆ ಮನೆಗೆ ಬರೋರು. ಅಕ್ಕ ಹಂಪಿಯ ಒಂದು ಗೆಸ್ಟ್‌ಹೌಸಿನಲ್ಲಿ ಅಡುಗೆ ಮಾಡುತ್ತಿದ್ದಳು. ಚಳಿಗಾಲಕ್ಕೆ ಅಲ್ಲಿ ಬಂದಿರುತ್ತಿದ್ದ ಫ್ರಾನ್ಸಿನ ಒಬ್ಬ ಮುದುಕಿ ಅವಳಿಗೆ ತನ್ನ ದೇಶದ ಸ್ಟ್ಯೂ ಕಲಿಸಿದ್ದಳಂತೆ. ಬೆಣ್ಣೆಯಲ್ಲಿ ಈರುಳ್ಳಿಯನ್ನು ಕೆಂಪಾಗದ ಹಾಗೆ ಬಾಡಿಸಿ, ಗಜ್ಜರಿ, ಆಲೂಗಡ್ಡೆ, ಬೀನ್ಸು, ಕೋಸು ಹಾಕಿ, ಒಂದು ಚಮಚ ಮೈದಾ ಉದುರಿಸಿ, ನೀರು ಹೊಯ್ದು, ಈ ಎಲೆಯ ಕಟ್ಟು ಒಳಗೆ ಬಿಟ್ಟು ಸಣ್ಣ ಉರಿಯಲ್ಲಿ ಒಂದು ತಾಸು. ಮುದುಕಿ ದಾರದಲ್ಲಿ ಕಟ್ಟುತ್ತಿದ್ದಳು. ಅಕ್ಕ ಹೂವು ಕಟ್ಟಿ ಉಳಿದ ಬಾಳೆನಾರಿನಲ್ಲಿ ಕಟ್ಟುತ್ತಿದ್ದಳು.

ಒಗ್ಗರಣೆ ಇಲ್ಲ, ಖಾರ ಇಲ್ಲ! ಮೊದಲ ಸಲ ತಿಂದಾಗ ನಾನು ನಕ್ಕಿದ್ದೆ.

“ಇದೇನಕ್ಕಾ, ಜ್ವರ ಬಂದೋರಿಗೆ ಮಾಡಿದ್ದೇನು?”

“ತರಕಾರಿ ತನ್ನ ರುಚಿ ತಾನ ಬಿಡ್ತೈತಿ. ನೀ ನಡುವ ಬಾಯಿ ಹಾಕಬ್ಯಾಡ, ಸುಮ್ನ ಉಣ್ಣಲೇ,” ಅಂದಿದ್ದಳು. ನಾನು ಒಂದು ಕೈಯಲ್ಲಿ ಮಿರ್ಚಿ ಭಜಿ ಹಿಡಿದುಕೊಂಡೇ ಉಂಡೆ. ಆಮೇಲೆ ಅವಳು ಸ್ಟ್ಯೂ ಮಾಡಿದ ದಿನ ಬಟ್ಟಲು ತಪ್ಪದೆ ನಮ್ಮ ಮನೆಗೆ ಬರುತ್ತಿತ್ತು. ಜೊತೆಗೆ ನನಗಂತ ಎರಡು ಮಿರ್ಚಿ...

ಅಂಥವಳಿಗೆ ಗಂಟಲಿನ ಕಾಯಿಲೆ ಬಂತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿಕೊಂಡು ಬಂದ ಮೇಲೆ ಬಾಯಿಯೆಲ್ಲ ಹುಣ್ಣು. ಹಾಲು, ಗಂಜಿ ಕುಡಿದು ಕುಡಿದು ಬೇಸತ್ತಿದ್ದಳು. ಈ ವಾರ ಬಾಯಿಂದ ಊಟ ಇಳಿಯದಿದ್ದರೆ ಮೂಗಿನಿಂದ ನಳಿಗೆ ಹಾಕಬೇಕಾಗುತ್ತೆ ಅಂತ ಡಾಕ್ಟರು ಹೇಳಿ ಕಳಿಸಿದ್ದರು.

“ನಳಿಗಿ ಮಾತ್ರ ಬ್ಯಾಡಲೇ. ಆ ಸ್ಟ್ಯೂ ಒಂದು ಮಾಡಿಕೊಡ್ತೀಯೇನು? ಅದಾರ ಇಳೀಬಹುದು,” ಅಂದಳು. ಅವಳಿಗೆ ಒಲೆ ಮುಂದೆ ನಿಲ್ಲುವ ಶಕ್ತಿ ಇರಲಿಲ್ಲ. ಮಂಚದ ಮೇಲೆ ಕೂತೇ ಮೂರು ಕಟ್ಟು ಕಟ್ಟಿ ನನ್ನ ಕೈಗೆ ಕೊಟ್ಟಳು.

ಅವಳು ಹೇಳಿದ ಹಾಗೇ ಮಾಡಿದೆ. ತಾಸು ಕಳೆದ ಮೇಲೆ ರುಚಿ ನೋಡಿದರೆ ಸಪ್ಪೆ. ಪಾಪ, ಎಷ್ಟೋ ದಿನದ ಮೇಲೆ ಆಸೆಪಟ್ಟು ಕೇಳಿದ್ದಾಳೆ, ಇಂಥಾದ್ದು ಹೇಗೆ ಕೊಡೋದು ಅನ್ನಿಸಿತು. ಬರೀ ಘಮಕ್ಕೆ ಅಂತ ಒಂದೇ ಒಂದು ಹಸಿಮೆಣಸಿನಕಾಯಿ ಸೀಳಿ ಹಾಕಿದೆ. ಎರಡು ಕುದಿ ಬಂದ ಮೇಲೆ ತೆಗೆದೆಸೆದು ಮತ್ತೆ ರುಚಿ ನೋಡಿದೆ. ಶಿವನಾಣೆ, ನನ್ನ ನಾಲಿಗೆಗೆ ಖಾರ ಹತ್ತಲೇ ಇಲ್ಲ! ಹುಟ್ಟಿದಾಗಿಂದ ಮಿರ್ಚಿ ತಿಂದ ನಾಲಿಗೆ, ಅದಕ್ಕೇನು ಗೊತ್ತಾಗಬೇಕು?

ಮೊದಲ ಚಮಚಕ್ಕೆ ಅಕ್ಕನ ಕಣ್ಣಲ್ಲಿ ನೀರು ಬಂತು. ಖುಷಿಗೆ ಅಂದುಕೊಂಡೆ ನಾನು, ಪೆದ್ದಿ. ಎರಡನೇ ಚಮಚ ಅವಳೇ ಹಟ ಹಿಡಿದು ಬಾಯಿಗೆ ಇಟ್ಟುಕೊಂಡಳು. ಆಮೇಲೆ ಸೆರಗಿನ ತುದಿ ಬಾಯಿಗೊತ್ತಿಕೊಂಡು ಗೋಡೆ ಕಡೆ ತಿರುಗಿದಳು. “ಚಲೋ ಆಗೇತಿ... ನನಗ ಸೇರವಲ್ದು, ಅಷ್ಟ.”

ಆ ಉರಿಗೆ ಹೆದರಿದವಳು ಹಾಲು ಕುಡಿಯೋಕೂ ಬಾಯಿ ತೆರೆಯಲಿಲ್ಲ. ಮೆಣಸಿನಕಾಯಿ ಹಾಕಿದ್ದೆ ಅಂತ ಹೇಳೋಕೆ ನನಗೆ ಧೈರ್ಯ ಬರಲಿಲ್ಲ. ದಿನಾ ಬಾಗಿಲಲ್ಲಿ ನಿಂತು ವಾಪಸ್ ಬರುತ್ತಿದ್ದೆ. ಮೂರನೇ ದಿನ ಅವಳ ಗಂಡ ಬಂದು ಬಳ್ಳಾರಿಗೆ ಕರೆದುಕೊಂಡು ಹೋದರು. ನಳಿಗೆ ಹಾಕಿದರಂತೆ.

ಎರಡನೇ ಕಟ್ಟು ಹಾಕಿ ಮತ್ತೆ ಮಾಡಿದೆ. ಈ ಸಲ ರುಚಿ ನೋಡಲೇ ಇಲ್ಲ. ಡಬ್ಬಿ ತೊಡೆ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬಳ್ಳಾರಿಗೆ ಹೋದೆ. ನಳಿಗೆಯ ಬಾಯಿಗೆ ಇದನ್ನು ಹಾಕೋಕೆ ಆಗಲ್ಲ ಅಂತ ನನಗೂ ಗೊತ್ತಿತ್ತು, ಆದರೂ ಹೋದೆ... ಬೇರೆ ಏನು ಮಾಡಬೇಕು ಅಂತ ತಿಳಿಯಲಿಲ್ಲ. ಅಕ್ಕ ಮುಚ್ಚಳ ತೆಗೆಸಿದಳು. ಡಬ್ಬಿಯೊಳಗೆ ನೋಡಿ ನಿಧಾನಕ್ಕೆ ಮೂಸಿದಳು. ಆಮೇಲೆ ಕೇಳಿಯೂ ಕೇಳಿಸದ ದನಿಯಲ್ಲಿ ಅಂದಳು:

“ಈ ಸಲ ಮೆಣಸಿನಕಾಯಿ ಹಾಕಿಲ್ಲ.”

ಅವಳಿಗೆ ಅವತ್ತೇ ಗೊತ್ತಾಗಿತ್ತು. ಗೊತ್ತಿದ್ದೂ ಚಲೋ ಆಗೇತಿ ಅಂದಿದ್ದಳು. ನಾನು ತಲೆ ತಗ್ಗಿಸಿ ಡಬ್ಬಿಯ ಮುಚ್ಚಳ ಹಾಕಿದೆ. ಅವಳು ನನ್ನ ಮಣಿಕಟ್ಟು ತಟ್ಟಿ ನಿದ್ದೆಗೆ ಜಾರಿದಳು. ಡಬ್ಬಿ ಹಂಗೇ ತುಂಬಿಕೊಂಡು ನನ್ನ ಜೊತೆ ವಾಪಸ್ ಬಂತು. ಅಕ್ಕ ಮಾತ್ರ ಆಸ್ಪತ್ರೆಯಿಂದ ಮನೆಗೆ ಬರಲೇ ಇಲ್ಲ.

ಎದುರು ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಇವತ್ತು ಮೂರನೇ ಕಟ್ಟು ಹಾಕಿ ಸ್ಟ್ಯೂ ಮಾಡಿದೆ. ಕುದಿಯೋವಾಗ ಹಸಿಮೆಣಸಿನಕಾಯಿಯ ಬುಟ್ಟಿಯನ್ನು ಪಡಸಾಲೆಯಲ್ಲಿ ಇಟ್ಟು ಬಂದೆ. ಎಲ್ಲ ಅವಳು ಹೇಳಿದ ಹಾಗೇ, ಏನೂ ತಪ್ಪಿಲ್ಲ. ಕೊನೆಗೆ ಸೌಟಿನಲ್ಲಿ ಒಂಚೂರು ತೆಗೆದು ರುಚಿ ನೋಡಿದೆ.

ಒಂದು ಮೆಣಸಿನಕಾಯಿ ಇದ್ದಿದ್ದರೆ ಚೆನ್ನಾಗಿರ್ತಿತ್ತು ಅನ್ನಿಸಿತು.