ಮಥುರಾ ದಾಟದೆ ಓದಿದ ಕಾದಂಬರಿ

ಬೇಸಿಗೆ ರಜೆಗೆಂದು ಒಂದು ದಪ್ಪ ಕಾದಂಬರಿಯನ್ನು ಎತ್ತಿಡುವುದು ನನ್ನ ಹಳೆಯ ಚಾಳಿ. ದೆಹಲಿಯ ಶಾಲೆಯೊಂದರಲ್ಲಿ ಪಾಠ ಹೇಳುವ ನನಗೆ ವರ್ಷವಿಡೀ ಓದಲು ಸಿಗುವುದು ಮಕ್ಕಳ ನೋಟ್‌ಬುಕ್ಕುಗಳು ಮಾತ್ರ. ರಜೆ ಬಂತೆಂದರೆ ಬೆಂಗಳೂರಿನ ರೈಲು, ಕಿಟಕಿ ಪಕ್ಕದ ಸೀಟು, ಕಾದಂಬರಿ. ಅದಕ್ಕೂ ಒಂದು ನೇಮವಿದೆ. ಗಾಡಿ ಮಥುರಾ ದಾಟುವವರೆಗೆ ಪುಸ್ತಕ ತೆರೆಯುವಂತಿಲ್ಲ. ಅಲ್ಲಿಯವರೆಗೆ ಮನಸ್ಸು ಮನೆಯಲ್ಲೇ ಇರುತ್ತದೆ, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಪೇಚಾಡುತ್ತಿರುತ್ತದೆ.

ಈ ಸಲ ಗಾಡಿಯನ್ನೇ ಹತ್ತಲಿಲ್ಲ. ನಮ್ಮ ಯಜಮಾನರ ಕಣ್ಣಿನ ಪೊರೆ ತೆಗೆಸಬೇಕಾಯಿತು. ಕೆಲವು ದಿನ ಓದಬಾರದು, ಬಗ್ಗಬಾರದು, ಕಪ್ಪು ಕನ್ನಡಕ ತೆಗೆಯಬಾರದು ಎಂದರು ಡಾಕ್ಟರು. ಮಗಳು ಪುಣೆಯಲ್ಲಿದ್ದಾಳೆ. ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಾವಿಬ್ಬರೇ.

ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಚಳಿಗಾಲಕ್ಕೆ ಅವರು ರಿಟೈರ್ ಆಗುತ್ತಾರೆ. ಮದುವೆಯಾದಾಗಿನಿಂದ ಅವರು ಫೈಲು ಓದಿದರು, ನಾನು ಕಾದಂಬರಿ ಓದಿದೆ. ನಮ್ಮ ನಡುವೆ ಮಾತು ಎಂದರೆ ಹಾಲು, ತರಕಾರಿ, ಮಗಳ ಫೋನು. ಇಡೀ ದಿನ ಮನೆಯಲ್ಲೇ ಇರುವ ಈ ಮನುಷ್ಯನ ಜೊತೆ ಇನ್ನು ಮುಂದೆ ಏನು ಮಾತಾಡುವುದು? ಈ ರಜೆ ಅದರ ರಿಹರ್ಸಲ್ ಅನ್ನಿಸಿಬಿಟ್ಟಿತ್ತು.

ಮೊದಲ ಮಧ್ಯಾಹ್ನ ಕೂಲರ್ ಮುಂದೆ ಕೂತು ಪುಸ್ತಕ ತೆರೆದೆ. ಕಪ್ಪು ಕನ್ನಡಕ ನನ್ನ ಕಡೆ ತಿರುಗಿತು.

"ಮಥುರಾ ಬಂತಾ?" ಎಂದರು.

ನಗು ಬಂತು. ನನ್ನ ನೇಮವನ್ನು ಅವರು ಗಮನಿಸಿದ್ದಾರೆಂದೇ ನನಗೆ ಗೊತ್ತಿರಲಿಲ್ಲ.

"ಜೋರಾಗಿ ಓದೇ, ನನಗೂ ಹೊತ್ತು ಹೋಗಲಿ."

ಕಥೆ ಒಬ್ಬ ಬಸ್ ಕಂಡಕ್ಟರನದು. ಒಂದು ಸಂಜೆ ಡ್ಯೂಟಿಯ ನಡುವೆಯೇ ಯಾವುದೋ ಸ್ಟಾಪಿನಲ್ಲಿ ಇಳಿದು ಹೊರಟುಹೋಗುತ್ತಾನೆ. ಅವನ ಹೆಂಡತಿ ಊರವರ ರವಿಕೆ ಹೊಲಿಯುತ್ತಾ ಕಾಯುತ್ತಾಳೆ. ಮೊದಲ ಅಧ್ಯಾಯಕ್ಕೇ ನನಗೆ ಅವನ ಮೇಲೆ ಮೈಯೆಲ್ಲ ಉರಿಯಿತು. ನಮ್ಮವರಿಗೆ ಬೇರೆಯೇ ಚಿಂತೆ.

"ರಜಾ ಅರ್ಜಿ ಕೊಟ್ಟಿದ್ದನಾ?"

"ರೀ, ಇದು ಕಾದಂಬರಿ."

"ಇರಲಿ. ಟಿಕೆಟ್ ಬ್ಯಾಗು ಯಾರಿಗೆ ಒಪ್ಪಿಸಿ ಹೋದ? ಎಲ್ಲ ಅವಳ ಕಡೆಯದೇ ಬರೆದಿದ್ದಾರೆ. ಅವನ ಹೇಳಿಕೆ ಎಲ್ಲಿ?"

ಎರಡೂ ಕಡೆಯ ಹೇಳಿಕೆ ನೋಡದೆ ಒಂದು ಫೈಲನ್ನೂ ಮುಂದಕ್ಕೆ ಕಳಿಸಿದವರಲ್ಲ ಇವರು. ನನಗೆ ತಲೆ ಚಿಟ್ಟುಹಿಡಿಯಿತು. ಆದರೆ ಆ ಪ್ರಶ್ನೆ ಕಿವಿಯಲ್ಲಿ ಉಳಿದುಕೊಂಡಿತು. ಒಬ್ಬಳೇ ಓದಿದ್ದರೆ ಹಾರಿಸಿಕೊಂಡು ಹೋಗುತ್ತಿದ್ದ ಸಾಲುಗಳ ಹತ್ತಿರ ನಿಂತೆ. ದಿನವೆಲ್ಲ ನಿಂತು ನಿಂತು ಬಾತ ಅವನ ಕಾಲು, ಮನೆಗೆ ಬಂದು ಮಲಗಿದರೂ ಕಿವಿಯಿಂದ ಹೋಗದ ಎಂಜಿನ್ನಿನ ಸದ್ದು. ಅವನ ಮೇಲೂ ಕನಿಕರ ಬಂತು. ಇಷ್ಟು ನಿಧಾನವಾಗಿ, ಇಷ್ಟು ಜಗಳವಾಡಿಕೊಂಡು ನಾನು ಯಾವ ಕಾದಂಬರಿಯನ್ನೂ ಓದಿರಲಿಲ್ಲ. ಇಷ್ಟು ಸುಖವಾಗಿಯೂ ಓದಿರಲಿಲ್ಲ.

ಊಟ ಮುಗಿಯುತ್ತಲೇ ಅವರು "ಚಲೋ, ಶುರು ಮಾಡು" ಎಂದು ಕುರ್ಚಿ ಎಳೆದುಕೊಳ್ಳುವರು. ಡಾಕ್ಟರು ಹೇಳಿದ ದಿನಗಳು ಕಳೆದರೂ ಕಪ್ಪು ಕನ್ನಡಕ ಇಳಿಯಲಿಲ್ಲ. "ಇನ್ನೂ ಮಂಜು ಮಂಜು" ಎನ್ನುತ್ತಿದ್ದರು. ನನಗೆ ಒಂದು ಕಡೆ ಕಳವಳ, ಇನ್ನೊಂದು ಕಡೆ ಒಳಗೊಳಗೇ ಖುಷಿ.

ಕೊನೆಯ ಅಧ್ಯಾಯದಲ್ಲಿ ಕಂಡಕ್ಟರ್ ವಾಪಸು ಬರುತ್ತಾನೆ. ಹೆಂಡತಿ ಬೈಯುವುದಿಲ್ಲ, ಅಳುವುದಿಲ್ಲ, ಒಂದು ಮಾತು ಹೇಳುತ್ತಾಳೆ. ದನಿಗಿಂತ ಮೊದಲೇ ನನ್ನ ಕಣ್ಣು ಅದರ ಮೇಲೆ ಓಡಿತು. ಇವರ ಮುಂದೆ ಅದನ್ನು ಓದಿದರೆ ನಾನೇ ಹೇಳಿದಂತಾಗುತ್ತಿತ್ತು. ಆ ಪ್ಯಾರಾ ಬಿಟ್ಟು ಮುಂದಿನದಕ್ಕೆ ಹೋದೆ.

"ಮಧ್ಯೆ ಒಂದು ಪ್ಯಾರಾ ಬಿಟ್ಟೆ" ಎಂದರು.

"ನಿಮಗೆ ಹೇಗೆ ಗೊತ್ತು?"

ಮೆಲ್ಲಗೆ ಹೇಳಿದರು: "ನಿನ್ನೆ ನೀನು ತರಕಾರಿ ಭಯ್ಯಾನ ಹತ್ತಿರ ಹೋಗಿದ್ದಾಗ ಓದಿದೆ. ಕಣ್ಣು ಸರಿಹೋಗಿ ತುಂಬಾ ದಿನ ಆಯ್ತು."

"ಮತ್ತೆ ಈ ಕನ್ನಡಕ?"

"ತೆಗೆದರೆ ನೀನು ಓದಿ ಹೇಳೋದು ನಿಲ್ಲಿಸಿಬಿಡ್ತೀಯಲ್ಲ."

ಪುಸ್ತಕವನ್ನು ಅವರ ಕೈಗೆ ಕೊಟ್ಟೆ. ಕನ್ನಡಕ ತೆಗೆದಿಟ್ಟು, ಆಫೀಸಿನ ಆರ್ಡರ್ ಓದುವ ದನಿಯಲ್ಲೇ ಆ ಪ್ಯಾರಾ ಓದಿದರು. ಬಸ್ಸು ಹತ್ತಿದವರನ್ನೆಲ್ಲ ದಿನಾ ಎಲ್ಲಿಗೆ, ಎಲ್ಲಿಗೆ ಅಂತ ಕೇಳಿದಿರಿ, ನನ್ನನ್ನು ಮಾತ್ರ ಒಂದು ದಿನವೂ ಕೇಳಲಿಲ್ಲ ಎಂದು ಅವಳು ಹೇಳುತ್ತಾಳೆ. ಅಷ್ಟು ಓದುವ ಹೊತ್ತಿಗೆ ಆಫೀಸಿನ ದನಿ ಎಲ್ಲೋ ಹೋಗಿತ್ತು.

ಪುಸ್ತಕ ಮಡಚಿ ತೊಡೆಯ ಮೇಲಿಟ್ಟುಕೊಂಡರು.

"ರಿಟೈರ್ ಆದಮೇಲೆ ನಿನಗೆ ಎಲ್ಲಿಗೆ ಹೋಗಬೇಕು ಅನ್ನಿಸುತ್ತೆ?" ಎಂದು ಕೇಳಿದರು.

ಯಾರೂ ಕೇಳದೆ ಇದ್ದ ಪ್ರಶ್ನೆ. "ಟೀ ಇಟ್ಟು ಬರ್ತೀನಿ, ಆಮೇಲೆ ಹೇಳ್ತೀನಿ" ಎಂದು ಕಣ್ಣೊರೆಸಿಕೊಂಡು ಎದ್ದೆ.

"ನೀನು ಕೂತು ಯೋಚನೆ ಮಾಡು" ಎಂದರು. "ಟೀ ನಾನಿಡ್ತೀನಿ."