ಮುಂಗಡ ಕೊಟ್ಟ ಸರ್ಕಾರ

ಎಪ್ಪತ್ತರ ದಶಕದಲ್ಲಿ ನಾನು ಯಲ್ಲದಕೆರೆ ಕಡೆಯ ಒಂದು ಕುರಿಗಾರರ ಹಟ್ಟಿಯಲ್ಲಿ ಮೇಷ್ಟ್ರಾಗಿದ್ದೆ. ಶಾಲೆಯೆಂದರೆ ಹಟ್ಟಿಯವರೇ ಕಟ್ಟಿಕೊಂಡ ಎರಡು ಕೋಣೆ. ಮಣ್ಣಿನ ಗೋಡೆ, ನಾಡಹೆಂಚು. ಏಳನೇ ಕ್ಲಾಸಿನ ತನಕ ಬಂದ ಹುಡುಗಿ ಇಡೀ ಹಟ್ಟಿಗೆ ಒಬ್ಬಳೇ. ಅವಳು ಪಬ್ಲಿಕ್ ಪರೀಕ್ಷೆ ಪಾಸಾಗಲೇಬೇಕೆಂದು ನನಗೆ ಹಟ. ಕುರಿ ಕಾಯುವ ಅವಳಪ್ಪನಿಗೆ ನನಗಿಂತ ಹೆಚ್ಚು.

ಆ ವರ್ಷ ಸರ್ಕಾರದ ಮುಂಗಡಪತ್ರದಲ್ಲಿ ಹಳ್ಳಿ ಶಾಲೆಗಳಿಗೆ ಹೊಸ ಕೋಣೆಯೆಂದು ಪೇಪರಿನಲ್ಲಿ ಬಂತು. ಅದರ ಹಿಂದೆಯೇ ಬಂದ ಪಟ್ಟಿಯಲ್ಲಿ ನಮ್ಮ ಹಟ್ಟಿಯ ಹೆಸರೂ ಇತ್ತು. ಕಟ್ಟೆಯ ಮೇಲೆ ಕೂತು ದೊಡ್ಡ ಗಂಟಲಲ್ಲಿ ಓದಿ ಹೇಳಿದೆ. ನಾನೊಬ್ಬ ಬುದ್ಧಿವಂತ ನೋಡಿ!

"ಮುಂಗಡ ಕೊಟ್ಟವ್ರಾ?" ಅಂದ ಅವಳಪ್ಪ. "ಹಂಗಾರೆ ಯಾಪಾರ ಕುದುರ್ತು ಬಿಡ್ರಿ ಮೇಷ್ಟ್ರೆ. ಹಳೇದು ಕೆಡವಿ ಹೊಸ ಕೋಣೆಗೆ ಜಾಗ ಮಾಡಾಣ."

ಕುರಿ ಸಂತೆಯಲ್ಲಿ ಮುಂಗಡ ಕೈಗೆ ಬಿತ್ತೆಂದರೆ ಮುಗಿಯಿತು. ಆಮೇಲೆ ಯಾರು ದುಪ್ಪಟ್ಟು ಕೊಡುತ್ತೇನೆಂದರೂ ಮಾತು ತಿರುಗಿಸುವಂತಿಲ್ಲ. ಆ ನಂಬಿಕೆಯಲ್ಲೇ ಅವನು ಸೂರು ಹತ್ತಿ ಹೆಂಚು ಇಳಿಸಿದ. ಎರಡೇ ದಿನಕ್ಕೆ ಶಾಲೆ ಬಯಲಾಯಿತು. ನಾನೂ ಬೇಡ ಅನ್ನಲಿಲ್ಲ. ಮುಂಗಡಪತ್ರ ಅಂದರೇನೆಂದು ನನಗೆ ತಾನೇ ಎಲ್ಲಿ ಗೊತ್ತಿತ್ತು?

ಪಾಠ ದೇವಸ್ಥಾನದ ಪಡಸಾಲೆಗೆ ಹೋಯಿತು. ಮುಟ್ಟಾದ ದಿನಗಳಲ್ಲಿ ಹುಡುಗಿ ಅಲ್ಲಿಗೆ ಕಾಲಿಡುವಂತಿರಲಿಲ್ಲ. ದೂರದ ಜಾಲಿ ಮರದ ಕೆಳಗೆ ಕೂರುತ್ತಿದ್ದಳು, ನಾನು ಪಡಸಾಲೆಯಿಂದಲೇ ಲೆಕ್ಕ ಕೂಗಿ ಹೇಳುತ್ತಿದ್ದೆ. ಅವಳು ಯಾಕಲ್ಲಿ ಕೂತಿದ್ದಾಳೆಂದು ಎಲ್ಲರಿಗೂ ಗೊತ್ತು. ಹುಡುಗರು ನಗುತ್ತಿದ್ದರು. ಮೂರನೇ ತಿಂಗಳಿಗೆ ಅವಳು ಬರುವುದನ್ನೇ ಬಿಟ್ಟಳು.

ನಾನೂ ಅವಳಪ್ಪನೂ ಬಸ್ಸು ಹತ್ತಿ ಪೇಟೆಯ ಕಚೇರಿಗೆ ಹೋದೆವು. ಗುಮಾಸ್ತ ತಲೆ ಎತ್ತದೆ ಹೇಳಿದ: "ಮುಂಗಡಪತ್ರ ಅಂದ್ರೆ ಅಡ್ವಾನ್ಸ್ ಅಲ್ರೀ, ಬರೇ ಅಂದಾಜು. ನಿಮ್ ಕೋಣೆ ದುಡ್ಡು ಸಾಹೇಬ್ರ ಬಂಗ್ಲೆ ಕಾಂಪೌಂಡಿಗೆ ಹೋಗೈತೆ. ಮುಂದಿನ್ ವರ್ಷ ನೋಡಾಣ."

"ನಿಮ್ ಸರ್ಕಾರ ಕುರಿ ಸಂತೆಗೆ ಬಂದಿದ್ರೆ ಒದ್ದು ಓಡಿಸ್ತಿದ್ವಿ" ಅಂದ ಅವಳಪ್ಪ.

ಗುಮಾಸ್ತ ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ಮಕ್ಕಳ ತಲೆ ಮೇಲಿನ ಸೂರಿಗಿಂತ ಬಂಗಲೆಯ ಗೋಡೆ ಮುಂಚೆ ಎಂದು ತೀರ್ಮಾನಿಸಿದವರು ಯಾರು? ಅವರಪ್ಪನ ಮನೆ ದುಡ್ಡೇ? ಬೆಂಕಿಪೊಟ್ಟಣ ಕೊಂಡಾಗಲೂ ಈ ಹಟ್ಟಿಯವರು ತೆರಿಗೆ ಕಟ್ಟಿಲ್ಲವೇ?

ಪರೀಕ್ಷೆಗೆ ಅವಳು ಬರಲಿಲ್ಲ. ವರ್ಷದ ಕೊನೆಗೆ ಇನ್‌ಸ್ಪೆಕ್ಟರು ಬಂದು ದಾಖಲಾತಿ ಪುಸ್ತಕ ತೆಗೆಸಿದರು. ಅವಳ ಹೆಸರಿನ ಮುಂದೆ, ಶಾಲೆ ಬಿಟ್ಟ ಕಾರಣದ ಜಾಗ ಖಾಲಿ ಇತ್ತು. ಶಾಲೆಗೆ ಕಟ್ಟಡವಿಲ್ಲ ಎಂದು ಬರೆಯಲೇ ಎಂದೆ.

"ತಲೆ ಕೆಟ್ಟೈತೇನ್ರೀ? ಸರ್ಕಾರದ ಮೇಲೆ ಬರೀತಾರಾ? ಎಲ್ಲರೂ ಬರೆಯೋದನ್ನೇ ಬರೀರಿ" ಅಂದರು.

ಬರೆದೆ: ಪೋಷಕರ ನಿರಾಸಕ್ತಿ.

ಅವಳಪ್ಪ ಇನ್‌ಸ್ಪೆಕ್ಟರಿಗೆ ಮಜ್ಜಿಗೆ ತಂದು ಅಲ್ಲೇ ನಿಂತಿದ್ದ. ಅವನಿಗೆ ಓದಲು ಬರುತ್ತಿರಲಿಲ್ಲ. ಪುಸ್ತಕದೊಳಗೆ ಬಗ್ಗಿ ನೋಡಿ, "ನಮ್ ಹುಡ್ಗಿ ಹೆಸ್ರು ಇನ್ನೂ ಐತಾ ಮೇಷ್ಟ್ರೆ?" ಎಂದು ಕೇಳಿದ.

ಐತೆ ಅಂದೆ.