ಓಟದ ಹಿಂದಿನ ದಿನದ ಒಬ್ಬಟ್ಟು

ಆ ದೇಶದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಪೂರ್ವ ಆಫ್ರಿಕಾದ ಸಣ್ಣ ತಂಡ ಅದು, ಹೆಸರು ಹೇಳಿದರೆ ಆ ಹುಡುಗಿ ಯಾರೆಂದು ಯಾರಾದರೂ ಹುಡುಕಿಬಿಡಬಹುದು. ನಮ್ಮಿಂದ ಅವಳಿಗೆ ಆದದ್ದೇ ಸಾಕು.

ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ನಡೆದ ಬೇಸಿಗೆ. ಆಗ ನಾವು ಅಟ್ಲಾಂಟಾದ ಹತ್ತಿರದ ಸುವಾನಿಯಲ್ಲಿದ್ದೆವು. ನಮ್ಮ ಯಜಮಾನರಿಗೆ ಕಂಪ್ಯೂಟರ್ ಕೆಲಸ, ನನ್ನ ವೀಸಾಕ್ಕೆ ಕೆಲಸ ಮಾಡುವ ಹಕ್ಕಿಲ್ಲ. ಸಂಬಳ ತೆಗೆದುಕೊಳ್ಳಬಾರದು ಎಂದಿದೆಯೇ ಹೊರತು ಬಿಟ್ಟಿ ದುಡಿಯಬಾರದು ಎಂದೇನೂ ಇಲ್ಲವಲ್ಲ ಎಂದು ಕ್ರೀಡಾಕೂಟಕ್ಕೆ ವಾಲಂಟಿಯರ್ ಆಗಿ ಅಪ್ಲೈ ಮಾಡಿದೆ. ನನಗೆ ಸಿಕ್ಕಿದ್ದು ಈ ತಂಡದ ವ್ಯಾನ್ ಓಡಿಸುವ ಕೆಲಸ. ಡ್ರೈವಿಂಗ್ ಕಲಿಯುವಾಗ ನಾನು ಪಕ್ಕದ ಮನೆಯ ಮೇಲ್‌ಬಾಕ್ಸ್ ಬೀಳಿಸಿದ್ದನ್ನು ಇವರು ಮರೆತಿರಲಿಲ್ಲ. "ನೀನು ಡ್ರೈವ್ ಮಾಡ್ತೀಯ ಅಂತ ಆ ದೇಶದವರಿಗೆ ಮೊದ್ಲೇ ಹೇಳಿದಾರಾ?" ಎಂದು ಕೇಳಿದರು.

ತಂಡದಲ್ಲಿ ದೂರದ ಓಟ ಓಡುವ ಹುಡುಗಿಯೊಬ್ಬಳಿದ್ದಳು. ಮಾತು ಕಡಿಮೆ. ಅವಳದೂ ನನ್ನದೂ ಶಾಲೆಯಲ್ಲಿ ಬಾಯಿಪಾಠ ಮಾಡಿ ಕಲಿತ ಇಂಗ್ಲಿಷು, ಹಾಗಾಗಿ ಅಮೆರಿಕದವರಿಗಿಂತ ನಾವಿಬ್ಬರೇ ಒಬ್ಬರಿಗೊಬ್ಬರು ಚೆನ್ನಾಗಿ ಅರ್ಥವಾಗುತ್ತಿದ್ದೆವು. ಗೆಲ್ಲುವ ಆಸೆ ತನಗಿಲ್ಲ ಎಂದು ಒಂದು ದಿನ ಹೇಳಿದಳು. ಪೂರ್ತಿ ಓಡಿ ಮುಗಿಸಬೇಕು, ಮುಗಿಸಿದರೆ ಮುಂದೆಯೂ ತನ್ನನ್ನು ಕಳಿಸುತ್ತಾರೆ, ಇಲ್ಲದಿದ್ದರೆ ತನ್ನ ಹಿಂದೆ ಕಾಯುತ್ತಿರುವ ಹುಡುಗಿಯರು ಬೇಕಾದಷ್ಟಿದ್ದಾರೆ ಎಂದಳು.

ಇನ್ನೊಂದು ದಿನ ನಾನು ವ್ಯಾನಿನಲ್ಲಿ ಊಟದ ಡಬ್ಬಿ ತೆರೆದಾಗ ಅವಳು ಬಗ್ಗಿ ನೋಡಿ "ಚಪಾತಿ" ಎಂದಳು. ಅವರ ಊರಲ್ಲೂ ಅದಕ್ಕೆ ಚಪಾತಿ ಎಂದೇ ಹೆಸರಂತೆ. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಆ ಬೇಸಿಗೆ ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದಳು. ಮಾತಾಡಿಸುವವರಿಲ್ಲ, ನಡೆದು ಹೋಗಲು ಅಂಗಡಿಯಿಲ್ಲ. ಕಿಟಕಿಯ ಮುಂದೆ ಕೂತು ಹೋಗಿ ಬರುವ ಕಾರುಗಳನ್ನು ನೋಡುತ್ತಿದ್ದಳು. ಈ ಸುದ್ದಿ ಕೇಳಿದ್ದೇ ತಡ ಎದ್ದು ಬಂದಳು.

"ಚಪಾತಿಗೆ ಚಪಾತಿ ಅಂತಾರಾ? ಹಾಗಾದ್ರೆ ನಮ್ಮೋರೇ ಬಿಡು. ಊಟಕ್ಕೆ ಕರ್ಕೊಂಡ್ ಬಾ."

ಆ ಹುಡುಗಿಗೆ ಬಿಡುವಿದ್ದದ್ದು ಓಟದ ಹಿಂದಿನ ದಿನ ಮಧ್ಯಾಹ್ನ ಮಾತ್ರ. ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಖಾರ ಹಾಕಬೇಡಿ, ಸಂಜೆಯೊಳಗೆ ಕರೆತನ್ನಿ ಎಂದು ತಂಡದ ಮ್ಯಾನೇಜರ್ ಹೇಳಿ ಕಳಿಸಿದರು. ಅಮ್ಮ ಖಾರದ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು, ಪಲ್ಯಕ್ಕೆ ಒಂದು ಮೆಣಸಿನಕಾಯಿಯನ್ನೂ ಹಾಕಲಿಲ್ಲ. ಆದರೆ ಒಬ್ಬಟ್ಟು ಮಾಡಬೇಡಿ ಎಂದು ಮ್ಯಾನೇಜರ್ ಹೇಳಿರಲಿಲ್ಲವಲ್ಲ.

ನಮ್ಮ ಮನೆಗಳಲ್ಲಿ ಊಟಕ್ಕೆ ಕೂತವರು ಬೇಡ ಎಂದರೆ ಅದು ಬೇಡ ಎಂದಲ್ಲ. ಅವರು ಬೇಡ ಎನ್ನಬೇಕು, ಇವರು ಬಡಿಸಬೇಕು. ಅವರು ಎಲೆಗೆ ಕೈ ಅಡ್ಡ ಇಡಬೇಕು, ಇವರು ಬೆರಳ ಸಂದಿಯಲ್ಲಿ ಬೀಳಿಸಬೇಕು. ಹಾಗೆ ಬಲವಂತ ಮಾಡದಿದ್ದರೆ ಊರು ತುಂಬ ಆಡಿಕೊಳ್ಳುತ್ತಾರೆ. ಆ ಹುಡುಗಿ ಎರಡು ಚಪಾತಿ ತಿಂದಳು, ತುಪ್ಪ ಸುರಿದ ಒಂದು ಒಬ್ಬಟ್ಟು ತಿಂದು ಚೆನ್ನಾಗಿದೆ ಎಂದಳು. ಎರಡನೆಯದು ಬಂದಾಗ "ನೋ, ಮಾಮಾ" ಎಂದು ನಕ್ಕಳು. ಮಾಮಾ ಎಂದರೆ ಅವರ ಮಾತಿನಲ್ಲಿ ಅಮ್ಮ. ಅಮ್ಮ ಹಾಕಿಯೇಬಿಟ್ಟಳು. ತಟ್ಟೆಯಲ್ಲಿ ಬಿಡಬಾರದೆಂದು ಅವಳು ಅದನ್ನೂ ತಿಂದಳು. ಅಮ್ಮ ಮೂರನೆಯದನ್ನು ಹಿಡಿದು ಬಂದಾಗ ಅವಳ ನಗು ನಿಂತಿತು. ನನ್ನ ಕಡೆ ತಿರುಗಿ, ನಾಳೆ ಓಡಬೇಕು, ಸಾಕೆಂದು ನಿಮ್ಮಮ್ಮನಿಗೆ ದಯವಿಟ್ಟು ಹೇಳಿ ಎಂದಳು.

"ಏನಂತೆ?" ಎಂದಳು ಅಮ್ಮ.

"ಸಂಕೋಚ ಕಣಮ್ಮ, ಹಾಕು."

ಯಾಕೆ ಹಾಗೆಂದೆನೋ. ಅಮೆರಿಕಕ್ಕೆ ಬಂದ ಮೇಲೆ ಅಮ್ಮ ಅಷ್ಟು ಖುಷಿಯಾಗಿದ್ದದ್ದನ್ನು ನೋಡಿರಲಿಲ್ಲ, ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ. ಅದೂ ಅಲ್ಲದೆ ಅದು ಸಂಕೋಚವೇ ಎಂದು ನಾನೂ ಪೂರ್ತಿ ನಂಬಿದ್ದೆ. ಚಪಾತಿ ಎಂಬ ಮಾತು ಒಂದೇ ಆದ ಮೇಲೆ ಬೇಡ ಎಂಬ ಮಾತೂ ಒಂದೇ ಎಂದುಕೊಂಡ ದಡ್ಡಿ ನಾನು.

ಮರುದಿನ ಸ್ಟೇಡಿಯಂನೊಳಗೆ ಹೋಗಲು ನನಗೆ ಪಾಸ್ ಇರಲಿಲ್ಲ. ಹೊರಗೆ ವ್ಯಾನಿನಲ್ಲಿ ಕಾಯುತ್ತಿದ್ದೆ. ಮ್ಯಾನೇಜರ್ ಮೊದಲು ಬಂದರು. ಅರ್ಧ ಓಟದಲ್ಲಿ ಹೊಟ್ಟೆ ಹಿಡಿದುಕೊಂಡು ನಿಂತುಬಿಟ್ಟಳು ಎಂದಷ್ಟೇ ಹೇಳಿ ಮುಂದಿನ ಸೀಟಿನಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಅವಳು ಬಂದು ಹಿಂದಿನ ಸೀಟಿನಲ್ಲಿ ಮುಖದ ಮೇಲೆ ಟವೆಲ್ ಹಾಕಿಕೊಂಡಳು. ಕನ್ನಡಿಯಲ್ಲಿ ಹಿಂದೆ ನೋಡಲು ನನಗೆ ಧೈರ್ಯ ಬರಲಿಲ್ಲ, ನೋಡದೆಯೇ ಲೇನ್ ಬದಲಾಯಿಸಿ ಹಿಂದಿನ ಕಾರಿನವರಿಂದ ಬೈಸಿಕೊಂಡೆ.

ಮನೆಯಲ್ಲಿ ಅಮ್ಮ ಬಾಗಿಲಲ್ಲೇ ಕೇಳಿದಳು. ಮುಚ್ಚಿಡದೆ ಎಲ್ಲ ಹೇಳಿದೆ. ಅವಳು ಸಾಕು ಅಂದಿದ್ದು ನಿಜವಾಗಿಯೂ ಸಾಕು ಅಂತಲೇ, ತಪ್ಪು ಹೇಳಿದವಳು ನಾನು, ನಿನ್ನದೇನೂ ಇಲ್ಲ ಎಂದೆ. ಅಮ್ಮ ಒಪ್ಪಲಿಲ್ಲ.

"ನೀನು ಏನಾದ್ರೂ ಹೇಳ್ಕೋ. ಅವಳ ಮುಖ ನಂಗೆ ಕಾಣ್ತಿರ್ಲಿಲ್ವಾ? ಬಡಿಸಿದ ಕೈ ನಂದು."

ಇವರು ಸಮಾಧಾನ ಹೇಳಲು ಬಂದರು. "ಇಲ್ಲಿನ ಸೆಖೆಗೆ ಎಂಥವ್ರಿಗೂ ಹೊಟ್ಟೆ ಹಿಡ್ಕೊಳತ್ತೆ ಅತ್ತೆ. ಒಬ್ಬಟ್ಟಿಂದಲೇ ಅಂತ ಹೇಗೆ ಹೇಳ್ತೀರಾ?" ಅದು ಸರಿಯಾದ ಮಾತೇ. ಒಬ್ಬಟ್ಟೋ, ಸೆಖೆಯೋ, ಭಯವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಾಗಿಬಿಟ್ಟಿದ್ದರೆ ಅತ್ತು ಮುಗಿಸಬಹುದಿತ್ತು.

ತಂಡ ಊರಿಗೆ ಹೊರಟ ದಿನ ಏರ್‌ಪೋರ್ಟಿನಲ್ಲಿ ಅವಳ ಕೈ ಹಿಡಿದು ಕ್ಷಮೆ ಕೇಳಿದೆ. ಊಟದಿಂದಲ್ಲ, ಆ ದಿನ ತನ್ನ ಮೈಯೇ ಸರಿಯಿರಲಿಲ್ಲ, ಮಾಮಾಗೆ ಚಪಾತಿ ಚೆನ್ನಾಗಿತ್ತೆಂದು ಹೇಳಿ ಎಂದಳು. ಒಬ್ಬಟ್ಟಿನ ಹೆಸರೆತ್ತಲಿಲ್ಲ. ಮುಂದಿನ ಸಲದ ಮಾತನ್ನು ನಾನೂ ಎತ್ತಲಿಲ್ಲ. ಮನೆಗೆ ಬಂದು ಅಮ್ಮನಿಗೆ ಹೇಳಿದೆ: ಅವಳಿಗೆ ನಿನ್ನ ಮೇಲೆ ಕೋಪವಿಲ್ಲವಂತೆ. ಅಮ್ಮ ತೊಳೆಯುತ್ತಿದ್ದ ಪಾತ್ರೆಯಿಂದ ತಲೆಯೆತ್ತಲಿಲ್ಲ.

"ಉಂಡ ಮನೆಗೆ ಎರಡು ಬಗೀಬಾರ್ದು ಅಂತ ಆ ಮಗೂಗೂ ಗೊತ್ತು ಕಣೇ. ಉಣಿಸಿದ ಮನೆಯೋರೇ ಎರಡು ಬಗೆದ್ರೆ ಪಾಪ ಅವಳೇನ್ ಮಾಡ್ತಾಳೆ."

ಅಮ್ಮ ಮೈಸೂರಿಗೆ ಹೋದಳು. ನಾವು ಕೆರೊಲಿನಾಗೆ ಬಂದು ಫೋರ್ಟ್ ಮಿಲ್‌ನಲ್ಲಿ ಮನೆ ಮಾಡಿದೆವು. ನನ್ನ ಬಾಣಂತನಕ್ಕೆಂದು ಅಮ್ಮ ಮತ್ತೆ ಬಂದಳು. ಮಗು ನೋಡಲು ಬಂದ ಪರಿಚಯದವರು ಊಟಕ್ಕೆ ಕೂತಾಗ ಅವರ ಹೆಂಡತಿ ವಾಡಿಕೆಯಂತೆ "ಸಾಕು ಆಂಟಿ, ಬೇಡ" ಎಂದು ತಟ್ಟೆಗೆ ಕೈ ಅಡ್ಡ ಹಿಡಿದರು. ಅಮ್ಮ ಅನ್ನದ ಪಾತ್ರೆ ಎತ್ತಿಕೊಂಡು ಒಳಗೆ ಹೋಗಿಬಿಟ್ಟಳು. ಆಕೆಯ ಕೈ ತಟ್ಟೆಯ ಮೇಲೇ ಉಳಿಯಿತು. ಅಮೆರಿಕಕ್ಕೆ ಬಂದು ಅತ್ತೆ ಸುಧಾರಿಸಿದರು ಎಂದು ಇವರು ಆಮೇಲೆ ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ.

ಮಾರನೆಯ ದಿನ ನಾನು ಊಟಕ್ಕೆ ಕೂತಿದ್ದೆ. ಮಗುವಿಗೆ ಹಾಲು ಕುಡಿಸಿ ಕುಡಿಸಿ ಹೊಟ್ಟೆಯಲ್ಲಿ ಬೆಂಕಿ ಬಿದ್ದಂಥ ಹಸಿವು. ಅಮ್ಮ ಬಿಸಿ ಅನ್ನ, ಮೆಣಸಿನ ಸಾರು ಬಡಿಸಿದಳು. ಎರಡನೆಯ ಸಲ ಅನ್ನ ತಂದಾಗ ಅಭ್ಯಾಸಬಲದಿಂದ "ಸಾಕಮ್ಮ" ಎಂದೆ. ಹುಟ್ಟಿದಾಗಿನಿಂದ ಅವಳೆದುರು ಹಾಗೆಂದವಳು, ಹಾಗೆಂದಾಗಲೆಲ್ಲ ತಿಂದವಳು. ಅಮ್ಮನ ಕೈ ನಿಂತಿತು. ಸೌಟನ್ನು ಪಾತ್ರೆಗೆ ಹಿಂತಿರುಗಿಸಿದಳು.

ನಾನು ಅವಳ ಮುಖ ನೋಡಿದೆ. ಅದರಲ್ಲಿ ಕೋಪವಿರಲಿಲ್ಲ, ಭಯವಿತ್ತು. ಹೆತ್ತ ಮಗಳಿಗೆ ಒಂದು ಸೌಟು ಅನ್ನ ಹೆಚ್ಚು ಹಾಕಲು ಭಯ.

"ಇಲ್ಲಮ್ಮ, ಬೇಕು. ಹಸಿವಾಗಿದೆ, ಹಾಕು" ಎಂದೆ.

"ನಿಜವಾಗ್ಲೂ ಬೇಕಾ?" ಎಂದಳು. ನಾನು ಇನ್ನೊಂದು ಸಲ ಹೇಳುವವರೆಗೂ ಹಾಕಲಿಲ್ಲ.